ತಲುಪಿದ್ದು ಎಲ್ಲಿಗೆ

ಬೆಳಿಗ್ಗೆ ಮುಖ ತೊಳೆಯುವಾಗಲೂ ಆ ಮಾತು ಅವಳನ್ನು ಬಿಡಲಿಲ್ಲ. ನಲ್ಲಿಯ ಸದ್ದಿನ ಹಿಂದೆ, ಮುಂದಿನ ಕೋಣೆಯಲ್ಲಿ ಗಂಡನ ಹೊಲಿಗೆ ಯಂತ್ರದ ಟಕಟಕದ ಹಿಂದೆ ಅದು ಕೂತೇ ಇತ್ತು: "ಬಂದಿಲ್ಲ ಮೇಡಂ. ಸತ್ಯವಾಗ್ಲೂ ಬಂದಿಲ್ಲ." ಹತ್ತು ದಿನದ ಹಿಂದೆ ಒಂದು ಸಣ್ಣ ಆಸ್ಪತ್ರೆಯ ನರ್ಸ್ ಫೋನಿನಲ್ಲಿ ಹೇಳಿದ್ದು. ಆದರೆ ಕೊರೆಯುತ್ತಿದ್ದದ್ದು ಆ ಮಾತಲ್ಲ, ಅದಕ್ಕೆ ತಾನು ಕೊಟ್ಟ ಉತ್ತರ. "ತಲುಪಿದೆ ಅಂತ ಇಲ್ಲಿ ಬರೆದಿದೆಯಲ್ಲ ಸಿಸ್ಟರ್. ಮೆಷಿನ್ ಏನು ಸುಳ್ಳು ಹೇಳುತ್ತಾ?" ಹಾಗೆ ಕೇಳುವಾಗ ತನ್ನ ದನಿಯಲ್ಲಿ ಸಣ್ಣದೊಂದು ಖುಷಿ ಇಣುಕಿತ್ತು. ಜೀವಮಾನವೆಲ್ಲ ಬೇರೆಯವರಿಂದ ಹಾಗೆ ಕೇಳಿಸಿಕೊಂಡವಳಿಗೆ ಒಮ್ಮೆಯಾದರೂ ಸಾಕ್ಷಿ ತನ್ನ ಕಡೆ ನಿಂತಿತ್ತಲ್ಲ ಎಂಬ ಖುಷಿ. ಅದನ್ನು ನೆನೆದರೆ ಈಗ ಕಿವಿ ಬಿಸಿಯಾಗುತ್ತಿತ್ತು.

"ಏನೇ ಇದು, ಚಹಾಕ್ಕೆ ಸಕ್ಕರೆ ಎರಡು ಸಲ ಬಿದ್ದಿದೆ," ಎಂದು ಗಂಡ ಲೋಟ ಎತ್ತಿ ತೋರಿಸಿದ. ಉತ್ತರ ಕೊಡುವಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ನಿನ್ನೆ ಹೊಲಿದು ಕಳಿಸಿದ ಕುಪ್ಪಸಗಳು ಇನ್ನೂ ಬಂದಿಲ್ಲವೆಂದು ಗಿರಾಕಿಯ ಜಗಳ. ಅವನು ಕುಪ್ಪಸ ಒಯ್ದಿದ್ದ ಹುಡುಗನಿಗೆ ಫೋನು ಹಚ್ಚಿದ. "ಕೊಟ್ಟಾಯ್ತಲ್ಲ ಅಣ್ಣಾ," ಎಂಬ ದನಿ ಅಡುಗೆಮನೆಯವರೆಗೂ ಕೇಳಿತು. "ಕೊಟ್ಟೆ ಸರಿ ಮಾರಾಯ, ಯಾರ ಕೈಗೆ ಕೊಟ್ಟೆ?" "ಬಾಗಿಲಲ್ಲಿ ನಿಂತಿದ್ದವರ ಕೈಗೆ." "ಯಾವ ಬಾಗಿಲು?" ಗಂಡ ನೆತ್ತಿ ಚಚ್ಚಿಕೊಂಡು, ಕುತ್ತಿಗೆಗೆ ಅಳತೆಪಟ್ಟಿ ನೇತುಹಾಕಿಕೊಂಡೇ ಚಪ್ಪಲಿ ಮೆಟ್ಟಿ ಹೊರಟ. ಅವಳು ಕೈಯಲ್ಲಿ ಸೌಟು ಹಿಡಿದವಳು ಹಿಡಿದಂತೆಯೇ ನಿಂತಿದ್ದಳು. ಯಾವ ಬಾಗಿಲು? ಅಯ್ಯೋ, ಆ ಪ್ರಶ್ನೆಯನ್ನು ತಾನು ಕೇಳಲೇ ಇಲ್ಲವಲ್ಲ. ಎದೆಯೊಳಗೆ ಏನೋ ಪುಟಕ್ಕನೆ ಹಾರಿತು. ಭಯ ಎನ್ನಲು ಅದರಲ್ಲಿ ಹುರುಪೇ ಹೆಚ್ಚಿತ್ತು. ಕಳೆದುಹೋಯಿತೆಂದುಕೊಂಡ ಸೂಜಿ ಬೆಳಕಿಗೆ ಮಿಂಚಿದಾಗ ಆಗುವಂಥ ಹುರುಪು. ತಿಂಡಿಯನ್ನು ಅರ್ಧಕ್ಕೇ ಬಿಟ್ಟು, ಎರಡು ಬಸ್ಸು ಬದಲಿಸುವ ದಾರಿಯುದ್ದಕ್ಕೂ ಕಿಟಕಿಯ ಸರಳಿನ ಮೇಲೆ ಬೆರಳಲ್ಲಿ ಟೈಪು ಮಾಡುತ್ತ ಕಚೇರಿ ಸೇರಿದಳು.

ಕಚೇರಿ ಎಂದರೆ ನೇತ್ರ ಬ್ಯಾಂಕಿನ ಮೂರು ಕೋಣೆಗಳು. ಸತ್ತವರು ದಾನ ಕೊಟ್ಟ ಕಣ್ಣಿನ ಕಾರ್ನಿಯಾ, ಅಂದರೆ ಕಣ್ಣಗುಡ್ಡೆಯ ಮುಂದಿನ ಗಾಜಿನಂಥ ಪೊರೆ, ಇಲ್ಲಿಗೆ ಬರುತ್ತದೆ. ಕಾಯುತ್ತಿರುವ ರೋಗಿಗಳ ಪಟ್ಟಿ ನೋಡಿ, ಸರದಿ ಯಾರದೋ ಅವರ ಆಸ್ಪತ್ರೆಗೆ ಇಮೇಲ್ ಹೋಗುತ್ತದೆ. ಹೋದ ಆರು ಗಂಟೆಯೊಳಗೆ "ಬೇಕು" ಎಂಬ ಉತ್ತರ ಬರಬೇಕು. ಬರದಿದ್ದರೆ ಕಣ್ಣು ಮುಂದಿನವರಿಗೆ. ಆ ಸಣ್ಣ ಆಸ್ಪತ್ರೆಯಲ್ಲಿ ಹನ್ನೊಂದು ತಿಂಗಳಿಂದ ಕಾಯುತ್ತಿದ್ದ ಬಡಗಿಯೊಬ್ಬನ ಸರದಿ ಹೀಗೆ ಎರಡು ಸಲ ತಪ್ಪಿತು. ಎರಡೂ ಸಲ ಇಲ್ಲಿಯ ಲಾಗಿನಲ್ಲಿ, ಕಳಿಸಿದ್ದನ್ನೆಲ್ಲ ಮೆಷಿನ್ ತಾನೇ ಬರೆದಿಡುವ ಆ ದಿನಚರಿಯಲ್ಲಿ, "ತಲುಪಿದೆ" ಎಂದೇ ಇತ್ತು. ನೋಡದಿದ್ದದ್ದು ನರ್ಸಿನ ತಪ್ಪು ಎಂದಾಯಿತು. ಅವಳನ್ನು ಆ ಕೆಲಸದಿಂದ ತೆಗೆದು, ವಾರ್ಡಿನ ಹೊದಿಕೆ ಎಣಿಸುವ ಕೋಣೆಗೆ ಹಾಕಿದರಂತೆ. ಇವತ್ತು ಸಂಜೆ ಐದಕ್ಕೆ ಸಮಿತಿಯ ಸಭೆ. ಸಭೆಯ ವಿಷಯಗಳನ್ನು ನಿನ್ನೆ ಇವಳೇ ಟೈಪು ಮಾಡಿದ್ದಳು. ಮೂರನೆಯದು: ಸದರಿ ಆಸ್ಪತ್ರೆಯನ್ನು ಪಟ್ಟಿಯಿಂದ ಕೈಬಿಡುವ ಬಗ್ಗೆ.

ಕುರ್ಚಿಯಲ್ಲಿ ಕೂತು, ಹೊಸ ಫೈಲು ತೆರೆದು, ಅವಳು ಮೊದಲು ಹ್ಯಾಶ್ ಚಿಹ್ನೆಯೊಂದನ್ನು ಒತ್ತಿದಳು. ಆ ಚಿಹ್ನೆಯಿಂದ ಶುರುವಾದ ಸಾಲನ್ನು ಕಂಪ್ಯೂಟರ್ ಓದುವುದಿಲ್ಲ. ಅದು ಕಾಮೆಂಟು, ಮುಂದೆ ಈ ಸ್ಕ್ರಿಪ್ಟನ್ನು, ಅಂದರೆ ಕಂಪ್ಯೂಟರಿಗೆ ಬರೆದಿಡುವ ಆಜ್ಞೆಗಳ ಸಾಲುಗಳನ್ನು, ಓದಬಹುದಾದ ಮನುಷ್ಯರಿಗೆ. ಇದನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ, ಪುಸ್ತಕ ನೋಡಿ ತಾನೇ ಕಲಿತದ್ದು. ಮೊದಲು ಇಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಕೇಬಲ್ ಮಾಮ ಎನ್ನುತ್ತಿದ್ದರು; ಹೆಗಲಿಗೆ ಸದಾ ಒಂದು ಸುರುಳಿ ತಂತಿ. ಅವನು ಕೆಲಸ ಬಿಟ್ಟ ಮೇಲೆ ಅದೂ ಇವಳ ಪಾಲಿಗೇ ಬಂದಿತ್ತು. ಅವನು ಬಿಟ್ಟುಹೋದ ಸ್ಕ್ರಿಪ್ಟುಗಳಲ್ಲಿ ಹುಡುಕಿದರೂ ಒಂದು ಕಾಮೆಂಟಿಲ್ಲ. "ಗೊತ್ತಿರೋನಿಗೆ ಕಾಮೆಂಟ್ ಯಾಕೆ? ಗೊತ್ತಿಲ್ಲದೋನಿಗೆ ಸ್ಕ್ರಿಪ್ಟ್ ಯಾಕೆ?" ಎನ್ನುತ್ತಿದ್ದ. ಒಂದು ಸಲ ಹೊರಗಿನವರು ನಾಲ್ಕು ಜನ ಬಂದಿದ್ದಾಗ ಇವಳು ಏನನ್ನೋ ಕೇಳಿದ್ದಕ್ಕೆ, "ಟೈಪಮ್ಮ, ನೀವು ಟೈಪ್ ಮಾಡ್ತಾ ಇರಿ, ಯೋಚನೆ ಮಾಡೋಕೆ ನಾವಿದ್ದೀವಿ," ಎಂದಿದ್ದ. ನಾಲ್ವರೂ ನಕ್ಕರು. ಇವಳೂ ನಕ್ಕಳು. ತಾನೂ ನಕ್ಕೆನಲ್ಲ ಎಂಬುದು ಆಮೇಲೆ ಎಷ್ಟೋ ದಿನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಟೈಪ್‌ರೈಟರು ಹೋಗಿ ಹದಿನೆಂಟು ವರ್ಷವಾದರೂ ಟೈಪಮ್ಮ ಎಂಬ ಹೆಸರು ಹೋಗಲಿಲ್ಲ.

ಮೊದಲ ಸಾಲು ಬರೆದಳು: "ಈ ಸ್ಕ್ರಿಪ್ಟ್, ಯಾವ ಆಸ್ಪತ್ರೆಯ ಮೇಲ್ ಯಾವ ಸರ್ವರಿಗೆ ಹೋಗಬೇಕು ಎಂದು ವಿಚಾರಿಸುತ್ತದೆ. ನಾವು ಅಂದುಕೊಂಡದ್ದನ್ನು ನಂಬುವುದಿಲ್ಲ." ಎರಡನೆಯ ವಾಕ್ಯ ಬೇಕೇ ಎಂದು ಒಂದು ಗಳಿಗೆ ತಡೆದು, ಇರಲಿ ಎಂದುಕೊಂಡಳು. ಆಮೇಲೆ ಆಜ್ಞೆ. ಆಮೇಲೆ ಇನ್ನೊಂದು ಕಾಮೆಂಟು: "ವಿಳಾಸದ ಕೊನೆಯ ಭಾಗವನ್ನು ಹಿಡಿದು, ಯಾರ ಅಂಚೆ ಎಲ್ಲಿಗೆ ಎಂದು ಬಲ್ಲ ಹೆಸರಿನ ಸರ್ವರನ್ನು ಕೇಳು: ಇವರ ಅಂಚೆ ತೆಗೆದುಕೊಳ್ಳುವವರು ಯಾರು? ಒಬ್ಬರಿಗಿಂತ ಹೆಚ್ಚು ಇರಬಹುದು. ಹೆಸರಿನ ಪಕ್ಕದ ಸಂಖ್ಯೆ ಅಂಕವಲ್ಲ, ಸರದಿ. ಚಿಕ್ಕ ಸಂಖ್ಯೆಯವರ ಬಾಗಿಲು ಮೊದಲು ತಟ್ಟಬೇಕು, ಅವರಿಲ್ಲದಿದ್ದರೆ ಮುಂದಿನವರು." ಬರೆಯುತ್ತ ಬರೆಯುತ್ತ ತನಗೇ ಹೆಚ್ಚು ತಿಳಿಯಾಗುತ್ತಿತ್ತು. ಆಜ್ಞೆ ಒಂದೇ ಸಾಲು, ಕಾಮೆಂಟು ನಾಲ್ಕು ಸಾಲು. ಕೇಬಲ್ ಮಾಮ ಕಂಡಿದ್ದರೆ ಮೂಗಿಗಿಂತ ಮೂಗುತಿ ಭಾರ ಎನ್ನುತ್ತಿದ್ದ. ಅನ್ನಲಿ. ಯಾರಿಗಾಗಿ ಬರೆಯುತ್ತಿದ್ದೇನೆ? ನಾಳೆ ಈ ಕುರ್ಚಿಗೆ ಬರುವ, ಕೇಳಲು ನಾಚುವ ಯಾರೋ ಒಬ್ಬರಿಗೆ. ಹತ್ತು ವರ್ಷದ ಹಿಂದಿನ ತನಗೇ ಇರಬಹುದು. ಆ ಹೆಂಗಸಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಅವಮಾನವಾಗದ ಹಾಗೆ ಹೇಳಿಕೊಟ್ಟಂತೆ ಅನಿಸಿ ಕೆನ್ನೆ ಬೆಚ್ಚಗಾಯಿತು. "ಐದು ಸೆಕೆಂಡು ಕಾಯಿ. ಉತ್ತರ ಬಾರದಿರುವುದೂ 'ಇಲ್ಲ' ಎಂಬ ಉತ್ತರವೂ ಒಂದೇ ಅಲ್ಲ. ಎರಡನ್ನೂ ಬೇರೆಬೇರೆ ಬರೆ." ಇದನ್ನು ಬರೆದಾಗ ಬೆರಳು ನಿಂತಿತು. ಆರು ಗಂಟೆಯಲ್ಲಿ ಉತ್ತರ ಬಾರದಿದ್ದುದನ್ನು ಬೇಡ ಎಂದು ಓದಿದವರು ಯಾರು? ನಾವೇ. ತಾನೇ. ಬೇಡ ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದು ಇದೇ ಕೈ.

ಹನ್ನೆರಡೂವರೆಗೆ ಮೊದಲ ಸಲ ಓಡಿಸಿದಳು. ಏನೂ ಬರಲಿಲ್ಲ. ಒಂದು ಆವರಣ ಚಿಹ್ನೆ ಮುಚ್ಚಿರಲಿಲ್ಲ. ಮುಚ್ಚಿ ಮತ್ತೆ ಓಡಿಸಿದಳು. ಪರದೆಯ ಮೇಲೆ ಒಂದು ಸಾಲು ಮೂಡಿತು, ಹಿಂದೆಯೇ ಇನ್ನೊಂದು, ಮತ್ತೊಂದು. ಆಸ್ಪತ್ರೆಯ ಹೆಸರು, ಎದುರಿಗೆ ಅದರ ಅಂಚೆ ತೆಗೆದುಕೊಳ್ಳುವ ಸರ್ವರಿನ ಹೆಸರು. ಇರುವೆ ಸಾಲು ಗೋಡೆ ಹತ್ತಿದ ಹಾಗೆ ಪರದೆ ತುಂಬುತ್ತ ಹೋಯಿತು. "ಬಂತು, ಬಂತು!" ಎಂದು ಅವಳು ಗಟ್ಟಿಯಾಗಿಯೇ ಹೇಳಿದಳು. ಪಕ್ಕದ ಕೋಣೆಯ ಶೀತಪೆಟ್ಟಿಗೆಯ ಹತ್ತಿರ ಬಾಟಲಿ ಜೋಡಿಸುತ್ತಿದ್ದ ಲ್ಯಾಬಿನಾತ ತಲೆ ಹೊರಹಾಕಿ, "ಯಾರು ಬಂದ್ರು ಟೈಪಮ್ಮ?" ಎಂದ. "ಎಲ್ರೂ!" ಎಂದಳು. ಅವನು ಕಣ್ಣರಳಿಸಿ ಬಾಗಿಲ ಕಡೆ ನೋಡಿ, ಯಾರೂ ಕಾಣದೆ ತಲೆ ಒಳಗೆಳೆದುಕೊಂಡ. ಊಟದ ಡಬ್ಬಿ ಮುಚ್ಚಿದ ಹಾಗೇ ಇತ್ತು. ಇನ್ನೂರ ಹದಿಮೂರು ಆಸ್ಪತ್ರೆ, ಇನ್ನೂರ ಹದಿಮೂರು ಬಾಗಿಲು. ಇದೆಲ್ಲ ತನ್ನ ಕೈಯಿಂದ ಆದದ್ದೇ? ಹಿಂದೆ ಹೊಸ ರಿಬ್ಬನ್ ಹಾಕಿದ ಟೈಪ್‌ರೈಟರಿನಲ್ಲಿ ಮೊದಲ ಅಕ್ಷರ ಅಚ್ಚಗಪ್ಪಾಗಿ ಬೀಳುತ್ತಿತ್ತಲ್ಲ, ಆ ಸಂತೋಷ ಹದಿನೆಂಟು ವರ್ಷದ ಮೇಲೆ ಹಿಂತಿರುಗಿ ಬಂದು ಕಾಲ ಬೆರಳುಗಳವರೆಗೂ ಇಳಿಯಿತು. ಮೇಜಿನ ಕೆಳಗೆ ಪಾದ ತಾನಾಗಿಯೇ ತಾಳ ಹಾಕುತ್ತಿತ್ತು.

ಇನ್ನು ಎರಡನೆಯ ಭಾಗ. "ಈಗ ನಮ್ಮ ಲಾಗ್ ತೆಗೆದು ನೋಡು: ಇವರಿಗೆ ಹೋದ ಕೊನೆಯ ಮೇಲನ್ನು ನಮ್ಮ ಸರ್ವರ್ ನಿಜವಾಗಿ ಯಾರ ಕೈಗೆ ಕೊಟ್ಟಿತು? ಮೇಲಿನ ಉತ್ತರಕ್ಕೂ ಇದಕ್ಕೂ ತಾಳೆಯಾಗದಿದ್ದರೆ ಕೂಗಿ ಹೇಳು." ಬರೆದು, ಎರಡು ಸಲ ಎಡವಿ, ತಿದ್ದಿ, ಮೂರು ಗಂಟೆ ಹತ್ತು ನಿಮಿಷಕ್ಕೆ ಎಂಟರ್ ಒತ್ತಿದಳು. ತಾಳೆ, ತಾಳೆ, ತಾಳೆ. ಉಸಿರು ಹಿಡಿದು ನೋಡುತ್ತಿದ್ದಳು. ತಾಳೆಯಾಗುತ್ತಲೇ ಹೋದರೆ ನರ್ಸಿನದೇ ತಪ್ಪು, ತಾನು ಹೇಳಿದ್ದು ಸರಿ, ಕಿವಿಯೊಳಗಿನ ಮಾತು ಸುಮ್ಮನಾಗುತ್ತದೆ. ಹಾಗಾಗಲೆಂದು ಮನಸ್ಸಿನ ಒಂದು ಮೂಲೆ ಬೇಡುತ್ತಿದ್ದುದನ್ನು ಅವಳು ಕಂಡಳು, ಕಂಡು ಹೇಸಿದಳು. ನೂರ ನಲವತ್ತೊಂದನೆಯ ಸಾಲು: ತಾಳೆಯಿಲ್ಲ.

ಆ ಆಸ್ಪತ್ರೆಯೇ. ಬೇರೊಂದಿಲ್ಲ, ಅದೊಂದೇ. ಏಳು ತಿಂಗಳ ಹಿಂದೆ ಅವರು ಮೇಲ್ ವ್ಯವಸ್ಥೆಯನ್ನೇ ಬದಲಿಸಿದ್ದರು. ಹೊಸ ಸರ್ವರಿನ ಹೆಸರು ಊರಿಗೆಲ್ಲ ಗೊತ್ತಿತ್ತು. ಇಲ್ಲಿಂದ ಹೋದದ್ದು ಮಾತ್ರ ಇನ್ನೂ ಹಳೆಯ ಮೆಷಿನ್ನಿಗೆ. ಅದನ್ನು ಅಲ್ಲಿ ಯಾರೂ ಆರಿಸಿಲ್ಲ. ಯಾವ ಮೂಲೆಯಲ್ಲೋ ಧೂಳು ಕುಡಿಯುತ್ತ, ಬಂದದ್ದನ್ನೆಲ್ಲ ವಿಧೇಯವಾಗಿ ತೆಗೆದುಕೊಂಡು, "ತಲುಪಿದೆ" ಎಂದು ಮರ್ಯಾದೆಯಿಂದ ಉತ್ತರ ಕೊಡುತ್ತಿದೆ. ನರ್ಸ್ ಹೇಳಿದ್ದು ನಿಜ. ಲಾಗ್ ಹೇಳಿದ್ದೂ ನಿಜ. ಕುರ್ಚಿಯಿಂದ ಎದ್ದು, ಮತ್ತೆ ಕೂತು, ಮತ್ತೆ ಎದ್ದಳು. ಸಿಕ್ಕಿತು! ಯಾರನ್ನಾದರೂ ಹಿಡಿದು ಅಲುಗಾಡಿಸಬೇಕು ಅನಿಸಿತು. ಎರಡು ತಿಂಗಳಿಂದ ದೊಡ್ಡದೊಡ್ಡವರೆಲ್ಲ ಕೂತು ನರ್ಸಿನ ತಪ್ಪೆಂದು ತಲೆದೂಗಿದ ವಿಷಯ, ಟೈಪಮ್ಮನ ಎಪ್ಪತ್ತು ಸಾಲಿಗೆ ಸಿಕ್ಕಿತು. ಆದರೆ ನಮ್ಮ ಸರ್ವರ್ ಇವರೊಬ್ಬರ ವಿಷಯದಲ್ಲಿ ಮಾತ್ರ ಯಾಕೆ ಯಾರನ್ನೂ ವಿಚಾರಿಸದೆ ಹಳೆಯ ದಾರಿಯನ್ನೇ ಹಿಡಿಯುತ್ತಿದೆ? ಎಲ್ಲೋ ಅದಕ್ಕೆ ಕಟ್ಟಪ್ಪಣೆ ಇರಬೇಕು. ಕೇಬಲ್ ಮಾಮ, ಅಂದುಕೊಂಡಳು. ಇದು ಅವನದೇ ಕೆಲಸ, ಕಾಮೆಂಟಿಲ್ಲದವನು. ಬಹುದಿನದ ಮುಳ್ಳು ಈಗ ಕಿತ್ತುಬರುತ್ತದೆ ಎಂಬ ಉತ್ಸಾಹದಲ್ಲಿ, ಇಮೇಲ್ ಹೋಗಬೇಕಾದ ದಾರಿಗಳನ್ನು ಬರೆದಿಡುವ ಫೈಲು ತೆರೆದಳು.

ಫೈಲಿನಲ್ಲಿ ಒಂದೇ ಸಾಲು. ಆಸ್ಪತ್ರೆಯ ಹೆಸರು, ಎರಡು ಚುಕ್ಕೆ, ಹಳೆಯ ಮೆಷಿನ್ನಿನ ಸಂಖ್ಯೆ. ಎರಡು ಚುಕ್ಕೆಯ ನಂತರ ಎರಡು ಖಾಲಿ ಜಾಗ. ಅವಳು ಪರದೆಗೆ ಮುಖ ಹತ್ತಿರ ತಂದಳು. ಕೇಬಲ್ ಮಾಮ ಯಾವತ್ತೂ ಒಂದೇ ಜಾಗ ಬಿಡುತ್ತಿದ್ದ, ಎಷ್ಟೋ ಸಲ ಅದನ್ನೂ ಬಿಡುತ್ತಿರಲಿಲ್ಲ. ಎರಡು ಚುಕ್ಕೆಯಾದ ಮೇಲೆ ಎರಡು ಸಲ ಹೆಬ್ಬೆರಳು ಬಡಿಯುವುದು ಟೈಪಿಂಗ್ ಶಾಲೆಯ ಪಾಠ. ಬೆರಳ ಗೆಣ್ಣಿನ ಮೇಲೆ ಅಳತೆಗೋಲಿನ ಪೆಟ್ಟು ತಿಂದು ಕಲಿತದ್ದು. ಈ ಕಟ್ಟಡದಲ್ಲಿ ಹಾಗೆ ಬಡಿಯುವವಳು ಒಬ್ಬಳೇ. ಆಗ ನೆನಪಾಯಿತು, ಮರೆತದ್ದು ನೆನಪಾದಂತಲ್ಲ, ಹಿಂದಿನಿಂದ ಯಾರೋ ಭುಜ ಮುಟ್ಟಿದಂತೆ. ಐದು ವರ್ಷದ ಹಿಂದೆ. ಕೇಬಲ್ ಮಾಮನಿಗೆ ಜ್ವರ. ಆ ಆಸ್ಪತ್ರೆಯ ಮೇಲ್ ವ್ಯವಸ್ಥೆ ಕೆಟ್ಟಿತ್ತು. ಅವನು ಹಾಸಿಗೆಯಿಂದಲೇ ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿ, "ಎರಡು ದಿನಕ್ಕೆ ಮಾತ್ರ, ಆಮೇಲೆ ತೆಗೆದುಬಿಡಿ," ಎಂದಿದ್ದ. ತನ್ನ ಕೈಯಿಂದ ಸರ್ವರ್ ಸರಿಹೋಯಿತೆಂದು ಆ ದಿನ ಹಿಗ್ಗಿ ಹೀರೇಕಾಯಿಯಾಗಿ, ಮನೆಗೆ ಹೋಗಿ ಗಂಡನಿಗೆ ಮೂರು ಸಲ ಹೇಳಿದ್ದಳು. ಹೇಳಿದ್ದು ನೆನಪಿತ್ತು; ತೆಗೆಯುವುದು ಮರೆತಿತ್ತು. ಯಾಕೆ, ಯಾರು, ಎಂದಿನವರೆಗೆ ಎಂಬ ಒಂದು ಅಕ್ಷರವೂ ಸಾಲಿನ ಮೇಲಿರಲಿಲ್ಲ.

ಮೂರೂ ಮುಕ್ಕಾಲು. ಆ ಸಾಲನ್ನು ಅಳಿಸಿದರೆ ಮುಗಿಯಿತು. ಅರ್ಧ ಸೆಕೆಂಡಿನ ಕೆಲಸ. ಮೇಲ್ ಸರಿದಾರಿಗೆ ಬೀಳುತ್ತದೆ, ಬಡಗಿಗೆ ಮುಂದಿನ ಸಲ ಸುದ್ದಿ ತಲುಪುತ್ತದೆ, ಆಸ್ಪತ್ರೆ ಪಟ್ಟಿಯಲ್ಲಿ ಉಳಿಯುತ್ತದೆ. ಯಾರದಿದು ಎಂದು ಕೇಳಿದರೆ ಕೇಬಲ್ ಮಾಮನ ಹೆಸರು ಹೇಳುವುದೂ ಬೇಡ. ಸುಮ್ಮನಿದ್ದರೆ ಎಲ್ಲರೂ ತಾವೇ ಹೇಳಿಕೊಳ್ಳುತ್ತಾರೆ. ಎರಡು ಖಾಲಿ ಜಾಗವನ್ನು ಓದಲು ಬಲ್ಲವರು ಲೋಕದಲ್ಲಿ ಯಾರಿದ್ದಾರೆ? ಬೆರಳು ಅಳಿಸುವ ಕೀಲಿಯ ಮೇಲೆಯೇ ಇತ್ತು. ಅಲ್ಲಿ ಹೊದಿಕೆ ಎಣಿಸುತ್ತಿರುವ ಹೆಂಗಸಿನ ಮುಖ ಹೇಗಿದೆಯೋ ಅವಳಿಗೆ ಗೊತ್ತಿಲ್ಲ. ಆದರೆ ನಾಲ್ಕು ಜನರ ನಡುವೆ ತಾನೂ ನಕ್ಕ ಆ ದಿನದ ತನ್ನ ಮುಖ ಗೊತ್ತಿತ್ತು. ಆ ಮುಖವನ್ನೇ ಇನ್ನೊಬ್ಬಳಿಗೆ ತೊಡಿಸಿ, ಹತ್ತು ದಿನದ ಹಿಂದೆ ಖುಷಿಪಟ್ಟೆನಲ್ಲ. ಬೆರಳು ಪಕ್ಕಕ್ಕೆ ಸರಿಯಿತು. ಸಾಲಿನ ಮುಂದೆ ಒಂದು ಹ್ಯಾಶ್ ಹಾಕಿದಳು. ಇನ್ನು ಮೆಷಿನ್ ಅದನ್ನು ಓದದು, ಮನುಷ್ಯರು ಓದಬಹುದು. ಅದರ ಮೇಲೆ ಬರೆದಳು: "ಈ ಸಾಲು ನಾನು ಬರೆದದ್ದು. ಎರಡು ದಿನಕ್ಕೆಂದು ಹಾಕಿ ಐದು ವರ್ಷ ತೆಗೆಯಲಿಲ್ಲ. ಇದರಿಂದ ಏಳು ತಿಂಗಳ ಮೇಲ್ ಹಳೆಯ ಮೆಷಿನ್ನಿಗೆ ಹೋಯಿತು. ಓದಬೇಕಾದವರು ಓದದೆ ಬಿಟ್ಟದ್ದಲ್ಲ." ಕೆಳಗೆ ಪೂರ್ತಿ ಹೆಸರು, ತಾರೀಖು. ಫೈಲನ್ನು ಉಳಿಸಿದಳು. ಆಶ್ಚರ್ಯವೆಂದರೆ, ಬೆಳಗಿನ ಹುರುಪು ಇಳಿದಿರಲಿಲ್ಲ. ಇನ್ನೂ ಏರಿತ್ತು, ಆಳದ ನೀರಿಗೆ ಧುಮುಕುವ ಮುಂಚಿನ ಹುರುಪಿನಂತೆ.

ನಿರ್ದೇಶಕಿ ಸಭೆಗೆ ಹೊರಡಲು ಕನ್ನಡಕ ಒರೆಸುತ್ತಿದ್ದರು. ಕಣ್ಣಿನ ಡಾಕ್ಟರು, ಎರಡು ಮಾತಿನ ಕಡೆ ಒಂದೇ ಆಡುವವರು.

"ಮೂರನೇ ವಿಷಯ ತೆಗೀಬೇಕು ಮೇಡಂ."

"ಯಾಕೆ?"

ಸ್ಕ್ರಿಪ್ಟ್ ಕೊಟ್ಟ ಪಟ್ಟಿಯ ಹಾಳೆ ಮುಂದಿಟ್ಟು ಒಂದೇ ಉಸಿರಿಗೆ ಹೇಳಿದಳು. ಡಾಕ್ಟರು ನೂರ ನಲವತ್ತೊಂದನೆಯ ಸಾಲಿನ ಮೇಲೆ ಬೆರಳಿಟ್ಟರು.

"ತಲುಪಿದೆ ಅಂತ ಅವತ್ತು ಲಾಗ್ ತೋರಿಸಿದ್ದು ನೀವೇ ಅಲ್ವಾ?"

"ತಲುಪಿದ್ದು ನಿಜ ಮೇಡಂ. ಎಲ್ಲಿಗೆ ಅಂತ ನಾನು ಕೇಳ್ಲಿಲ್ಲ."

"ಆ ಸಾಲು ಹಾಕಿದ್ದು ಯಾರು? ನಮ್ಮ ಹಳೇ ಕೇಬಲ್‌ನವನು ತಾನೆ?"

ತಪ್ಪಿಸಿಕೊಳ್ಳುವ ಬಾಗಿಲು ತಾನಾಗಿ ತೆರೆದಿತ್ತು. ಹೂಂ ಎಂದರೆ ಸಾಕಿತ್ತು. "ಅಲ್ಲ ಮೇಡಂ. ನಾನು."

ಡಾಕ್ಟರು ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದರು. ಕಣ್ಣಿನೊಳಗೆ ದೀಪ ಬಿಟ್ಟು ನೋಡುವ ನೋಟ ಅದು. ರೆಪ್ಪೆ ಬಡಿಯಬಾರದು ಎನಿಸುತ್ತದೆ. "ನಿಮ್ಮ ಮೇಲೆ ಟಿಪ್ಪಣಿ ಬರೀಬೇಕಾಗುತ್ತೆ," ಎಂದರು.

"ಬರೀರಿ ಮೇಡಂ."

"ಈ ಸ್ಕ್ರಿಪ್ಟ್ ದಿನಾ ಓಡುತ್ತಾ?"

"ದಿನಾ ಬೆಳಿಗ್ಗೆ ಓಡೋ ಹಾಗೆ ಇಡ್ತೀನಿ."

"ಟಿಪ್ಪಣೀಲಿ ಅದನ್ನೂ ಬರೀತೀನಿ." ಡಾಕ್ಟರು ಪೆನ್ನು ತೆಗೆದು ಮೂರನೆಯ ವಿಷಯಕ್ಕೆ ಅಡ್ಡಗೆರೆ ಎಳೆದರು. "ಬಡಗಿ ಹೆಸರು ಪಟ್ಟೀಲಿ ಮೊದಲಿಗೆ ತನ್ನಿ. ಇವತ್ತೇ."

ಪಟ್ಟಿ ತಿದ್ದಿ ಮುಗಿಸಿದ ಮೇಲೆ ಅವಳು ಆ ಆಸ್ಪತ್ರೆಗೆ ಫೋನು ಮಾಡಿ, ಹೊದಿಕೆಯ ಕೋಣೆಯ ಸಿಸ್ಟರನ್ನು ಕರೆಯಿರಿ ಎಂದಳು. ದೂರದಿಂದ ಚಪ್ಪಲಿ ಸದ್ದು ಬಂತು, ಆಮೇಲೆ ಏದುಸಿರು. ತಾನು ಯಾರೆಂದು ಹೇಳುತ್ತಲೇ ಆ ಕಡೆಯ ಉಸಿರು ಗಟ್ಟಿಯಾಯಿತು. ಎಲ್ಲವನ್ನೂ ಹೇಳಿದಳು, ಹಳೆಯ ಮೆಷಿನ್ನು, ಒಂದು ಸಾಲು, ಎರಡು ದಿನ. "ತಪ್ಪು ನಿಮ್ಮದಲ್ಲ ಸಿಸ್ಟರ್. ನನ್ನದು. ಅವತ್ತು ಆಡಿದ ಮಾತೂ ತಪ್ಪು." ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಐದು ಸೆಕೆಂಡಿಗಿಂತ ಹೆಚ್ಚೇ ಇರಬೇಕು.

"ನನಗೇ ಹುಚ್ಚು ಹಿಡೀತೇನೋ ಅಂದ್ಕೊಂಡಿದ್ದೆ ಮೇಡಂ," ಎಂದಿತು ಕೊನೆಗೆ ಆ ದನಿ. "ಬಂದಿದ್ದನ್ನ ನಾನೇ ಅಳಿಸಿಬಿಟ್ನಾ, ಅಳಿಸಿ ಮರೆತ್ನಾ ಅಂತ. ಅಕ್ಕಪಕ್ಕದವರೂ ಹಾಗೇ ನೋಡ್ತಿದ್ರು."

"ನೀವು ಅಳಿಸಿಲ್ಲ. ನಿಮಗೆ ಬಂದೇ ಇರಲಿಲ್ಲ."

"ಆ ಎರಡು ಕಣ್ಣು ಬೇರೆಯವರಿಗೆ ಹೋಯ್ತಲ್ಲ, ಅವರಿಗೆ ಕಾಣಿಸ್ತಿದೆಯಾ?"

ಈ ಪ್ರಶ್ನೆ ಬರುತ್ತದೆಂದು ಅವಳು ಎಣಿಸಿರಲಿಲ್ಲ. "ಒಬ್ಬರಿಗೆ ಚೆನ್ನಾಗಿ ಕಾಣಿಸ್ತಿದೆಯಂತೆ. ಇನ್ನೊಬ್ಬರದು ಪಟ್ಟಿ ಬಿಚ್ಚಿದ್ದಾರೆ, ಬೆಳಕು ಗೊತ್ತಾಗ್ತಿದೆ."

"ಸದ್ಯ." ಉಸಿರು ಬಿಟ್ಟ ಸದ್ದು. "ಬಡಗಿಯಣ್ಣಂಗೆ ನಾನೇ ಹೋಗಿ ಹೇಳ್ತೀನಿ. ಆದ್ರೆ ಮೇಡಂ, ನಿಮ್ಮ ಮೇಲೆ ಸಿಟ್ಟಂತೂ ಇದೆ. ಸಾರಿ ಅಂದ ತಕ್ಷಣ ಹೋಗೋ ಅಂಥದ್ದಲ್ಲ ಅದು."

"ಇರಲಿ ಸಿಸ್ಟರ್. ಇರಬೇಕಾದ್ದೇ."

"ಇದನ್ನೆಲ್ಲ ಕಾಗದದಲ್ಲಿ ಕೊಡ್ತೀರಾ? ಬಾಯಲ್ಲಿ ಹೇಳಿದ್ರೆ ಇಲ್ಲಿ ಯಾರೂ ನಂಬಲ್ಲ."

"ಈಗಲೇ ಕಳಿಸ್ತೀನಿ," ಎಂದು ಫೋನಿಟ್ಟಳು. ಕಿಟಕಿಯ ಹೊರಗೆ ಕಚೇರಿ ಬಿಟ್ಟ ಜನ ಬೀದಿ ತುಂಬಿ ಹರಿಯುತ್ತಿದ್ದರು, ಲ್ಯಾಬಿನಾತ ದೀಪ ಆರಿಸುತ್ತ, "ಬರಲ್ವಾ ಟೈಪಮ್ಮ?" ಎಂದ. ಕೈ ಬೀಸಿ ಹೋಗು ಎಂದಳು. ಖಾಲಿ ಹಾಳೆಯ ಮೇಲೆ ಬೆರಳುಗಳು ಇಪ್ಪತ್ತಾರು ವರ್ಷದ ಅಭ್ಯಾಸದಿಂದ ತಾವಾಗಿಯೇ ಓಡಿದವು: "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನಮ್ಮ ಕಚೇರಿಯಿಂದ ಲೋಪ ಉಂಟಾಗಿರುವುದು ಕಂಡುಬಂದಿರುತ್ತದೆ." ಓದಿದಳು. ಉಂಟಾಗಿರುವುದು, ಕಂಡುಬಂದಿರುವುದು, ಮಾಡಿದವರು ಯಾರೂ ಇಲ್ಲ, ಕಂಡವರೂ ಯಾರೂ ಇಲ್ಲ, ಲೋಪವೊಂದು ಮಂಜಿನ ಹಾಗೆ ತಾನಾಗಿ ಬಂದು ಕೂತಿದೆ. ಅವಳಿಗೆ ನಗು ಬಂತು. ಖಾಲಿ ಕಚೇರಿಯಲ್ಲಿ ಒಬ್ಬಳೇ ನಕ್ಕಳು. ಎಷ್ಟು ಸಾವಿರ ಪತ್ರಗಳಲ್ಲಿ ಎಷ್ಟು ಜನರನ್ನು ಈ ಮಂಜಿನೊಳಗೆ ಅಡಗಿಸಿದ್ದೇನೋ. ಇಡೀ ಸಾಲನ್ನು ಅಳಿಸಿ, ಕಚೇರಿಯ ಪತ್ರದಲ್ಲಿ ಅದುವರೆಗೆ ಒಮ್ಮೆಯೂ ಬಳಸದ ಪದವೊಂದನ್ನು ಮೊದಲಿಗೇ ಒತ್ತಿದಳು: "ನಾನು".